ಮುಗದದ ಒಡ್ಡಿನ ಮೇಲೆ, ಒಬ್ಬರ ಹಿಂದೊಬ್ಬರು

ಕಾರ್ತಿಕ ಮುಗಿಯುತ್ತ ಬಂದಿತ್ತು. ಬಂಗಾಳಕೊಲ್ಲಿಯಲ್ಲಿ ವಾಯುಭಾರ ಕುಸಿದು, ಧಾರವಾಡದ ಮೇಲೆ ಎರಡು ದಿನದಿಂದ ಜಿಟಿಜಿಟಿ ಮಳೆ. ಇಂಥ ಹವೆಯಲ್ಲಿ ಹೊಲ ಸುತ್ತಲು ಹೊರಟವರಿಗೆ ಮನೆಯಲ್ಲಿ ಹುಚ್ಚರೆಂಬ ಬಿರುದು ಖಾತ್ರಿ. ಆ ಬಿರುದು ಹೊತ್ತೇ ನಾವು ಒಂಬತ್ತು ಮಂದಿ ಮುಗದದಲ್ಲಿ ಸೇರಿದೆವು.

ಧಾರವಾಡದಿಂದ ಪಶ್ಚಿಮಕ್ಕೆ ಸುಮಾರು 15 ಕಿ.ಮೀ.; ಅಳ್ನಾವರದ ರೈಲು ಹಾದಿಯಲ್ಲಿ ಕ್ಯಾರಕೊಪ್ಪ ದಾಟಿದರೆ ಮುಗದ. ಪೂರ್ವಕ್ಕೆ ನವಲಗುಂದದ ಎರಿ ಹೊಲಗಳಲ್ಲಿ ಹತ್ತಿ, ಕಡಲೆ. ಇತ್ತ ಮಲೆನಾಡಿನ ಸೆರಗು ಶುರುವಾದಂತೆ ಭತ್ತ. ಮುಂಗಾರು ಬಲಿಯುವ ಮೊದಲೇ ಒಣ ನೆಲಕ್ಕೆ ಕೂರಿಗೆಯಿಂದ ಬಿತ್ತಿ, ಬರುವ ಮಳೆಯನ್ನೇ ನಂಬಿ ಬೆಳೆಯುವುದು ಈ ಭಾಗದ ರೂಢಿ. ಧಾರವಾಡ ಕೃಷಿ ವಿಶ್ವವಿದ್ಯಾಲಯದ ಭತ್ತದ ಸಂಶೋಧನಾ ಕೇಂದ್ರ ಇರುವುದೂ ಇಲ್ಲೇ. ಪರಿಮಳದ ಅಕ್ಕಿ ‘ಮುಗದ ಸುಗಂಧ’ ಈ ಊರಿನ ಹೆಸರನ್ನೇ ಹೊತ್ತಿದೆ.

ಕೆರೆಯ ಏರಿ ಹತ್ತಿದಾಗ ನೀರು ಯಾವುದು, ಮೋಡ ಯಾವುದು ತಿಳಿಯಲಿಲ್ಲ. ಬೆಳ್ಳಕ್ಕಿಗಳು ಮಾತ್ರ ಅಂಚಿನಲ್ಲಿ ಎದ್ದು ಕಂಡವು. ಕೆಳಗಿಳಿದರೆ ಕೆಸರು, ಬೂಟಿಗೆ ಒಂದೊಂದು ಸೇರು ಮಣ್ಣು. ಗುಂಪಿನಲ್ಲಿ ಹೊರಟರೆ ಮಾತಿಗೆ ಬರವಿಲ್ಲ, ಆದರೆ ಒಡ್ಡಿನ ಮೇಲೆ ಇಬ್ಬರು ಜೋಡಿಯಾಗಿ ನಡೆಯಲಾಗದು. ಸಾಲು ಹಿಡಿದೊಡನೆ ಮಾತು ತಾನಾಗಿಯೇ ನಿಂತಿತು.

ಮುಂದಿನ ಹೊಲದಲ್ಲಿ ಕೊಯ್ದ ಭತ್ತದ ಸಿವುಡುಗಳು ನೆನೆಯುತ್ತ ಬಿದ್ದಿದ್ದವು. ಗಂಡ ಹೆಂಡತಿ ತಾಡಪತ್ರಿ ಎಳೆಯುತ್ತಿದ್ದರು. ‘ಮಳಿ ಭಾರಿ ಚೊಲೊ ಐತಿ ಅಲ್ರಿ ಕಾಕಾ?’ ಎಂದ ನಮ್ಮಲ್ಲೊಬ್ಬ ಹುಡುಗ. ಅವರು ತಲೆ ಎತ್ತದೆಯೇ ಅಂದರು: ‘ನಿಮಗ ಚೊಲೊ ಐತಪಾ.’

ಆ ಮಾತಿನ ತೂಕ ಬೂಟಿನ ಮಣ್ಣಿಗಿಂತ ಹೆಚ್ಚು. ಜೂನಿನಲ್ಲಿ ಕೈಮುಗಿದು ಕರೆದ ಮಳೆಯೇ ನವೆಂಬರಿನಲ್ಲಿ ವೈರಿ. ನೆಲಕ್ಕೊರಗಿದ ತೆನೆ ನಾಲ್ಕು ದಿನ ನೆಂದರೆ ಕಾಳು ಅಲ್ಲೇ ಮೊಳೆಯುತ್ತದೆ, ಇಲ್ಲವೇ ಕಪ್ಪಾಗಿ ಬೆಲೆ ಕಳೆದುಕೊಳ್ಳುತ್ತದೆ. ಹುಲ್ಲು ಕೊಳೆತರೆ ದನಕ್ಕೆ ಬೇಸಿಗೆಯ ಮೇವಿಲ್ಲ. ಹಸಿ ನೆಲಕ್ಕೆ ಕೊಯ್ಯುವ ಯಂತ್ರವೂ ಇಳಿಯದು. ನಾವು ಫೋಟೊ ತೆಗೆಯುತ್ತಿದ್ದ ಮಂಜು ಅವರ ಪಾಲಿಗೆ ಒಣಗದ ಒಂದು ದಿನ. ಮೊಬೈಲು ಜೇಬಿಗೆ ಸೇರಿತು. ತಾಡಪತ್ರಿಯ ನಾಲ್ಕು ಮೂಲೆಗೆ ಕೈಗಳು ಸೇರಿದವು. ಹತ್ತೇ ನಿಮಿಷದ ಕೆಲಸ.

ಮುಗದ ಹಳೆಯ ಊರು. ಇಲ್ಲಿಯ 1045ರ ಶಾಸನವೊಂದು ಯಾಪನೀಯ ಸಂಘದ ಜೈನ ಮುನಿಗಳ ಕುಮುದಿ ಗಣವನ್ನು ಹೆಸರಿಸುತ್ತದೆ. ಮಳೆಗಾಲದ ನಾಲ್ಕು ತಿಂಗಳು ಜೈನ ಮುನಿಗಳು ಊರಿಂದೂರಿಗೆ ನಡೆಯುವುದಿಲ್ಲ. ಹಸಿ ನೆಲದಲ್ಲಿ ಹುಟ್ಟಿದ ಹುಳು, ಮೊಳಕೆ ಪಾದದಡಿ ಸಿಕ್ಕೀತೆಂಬ ಎಚ್ಚರ. ಹೆಜ್ಜೆ ಎಲ್ಲಿಡಬೇಕೆಂಬುದನ್ನು ಈ ನೆಲ ಸಾವಿರ ವರ್ಷದ ಹಿಂದೆಯೇ ಕೇಳಿಸಿಕೊಂಡಿದೆ.

ಈಗ ವಾರಾಂತ್ಯದ ಚಾರಣಕ್ಕೆ ಧಾರವಾಡ, ಹುಬ್ಬಳ್ಳಿಯಿಂದ ಹಳ್ಳಿಗಳತ್ತ ಹೊರಡುವ ನಮ್ಮಂಥವರಿಗೂ ಅಷ್ಟೇ ಎಚ್ಚರ ಸಾಕು. ಹೋಗಿ, ನೆನೆಯಿರಿ. ಆದರೆ ಒಡ್ಡು ಬಿಟ್ಟು ಇಳಿಯಬೇಡಿ, ಸಿವುಡು ತುಳಿಯಬೇಡಿ. ಕಣದ ಪಕ್ಕ ಹಾಯುವಾಗ ಮಳೆಯನ್ನು ಹೊಗಳಬೇಡಿ.