ಎಂಜಿನಿನ ಉಸಿರು

ಪೆಟ್ರೋಲಿನ ಬೆಲೆಯನ್ನು ಎಲ್ಲರೂ ಬಲ್ಲರು. ಗಾಳಿ ಪುಕ್ಕಟೆಯಾದುದರಿಂದ, ಎಂಜಿನು ಅದನ್ನು ಎಷ್ಟು ಸೇವಿಸುವುದೆಂದು ನಾವು ವಿಚಾರಿಸುವುದೇ ಇಲ್ಲ. ಒಂದು ತೂಕ ಪೆಟ್ರೋಲು ಪೂರ್ಣವಾಗಿ ಉರಿಯಲು ಸುಮಾರು 14.7 ತೂಕ ಗಾಳಿ ಬೇಕು. ಎಂದರೆ, ಒಂದು ಲೀಟರು ಪೆಟ್ರೋಲಿಗೆ ಸುಮಾರು ಒಂಬತ್ತು ಸಾವಿರ ಲೀಟರು ಗಾಳಿ! ಆದುದರಿಂದ ಗಾಡಿಯ ಬಲವನ್ನು ಹೆಚ್ಚಿಸಬಯಸುವವರು ಮೊದಲು ಅದರ ಉಸಿರಾಟವನ್ನು ಗಮನಿಸುತ್ತಾರೆ.

ನಮ್ಮ ಪುಣೆಯ ಎಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳು ಫಾರ್ಮುಲಾ ಸ್ಟೂಡೆಂಟ್ ಎಂಬ ಸ್ಪರ್ಧೆಗಾಗಿ ಪುಟ್ಟ ರೇಸು ಕಾರುಗಳನ್ನು ತಾವೇ ಕಟ್ಟುವುದುಂಟು. ಅಲ್ಲಿ ಒಂದು ಕಠಿಣ ನಿಯಮವಿದೆ: ಪೆಟ್ರೋಲ್ ಎಂಜಿನಿಗೆ ಹೋಗುವ ಗಾಳಿಯೆಲ್ಲವೂ 20 ಮಿಲಿಮೀಟರು ವ್ಯಾಸದ ಒಂದೇ ರಂಧ್ರದ ಮೂಲಕ ಹಾಯಬೇಕು.

ನಮ್ಮ ಚಾಕಣದಲ್ಲಿ ತಯಾರಾದ, 373 ಘನ ಸೆಂಟಿಮೀಟರಿನ ಒಂಟಿ ಸಿಲಿಂಡರಿನ ಕೆ.ಟಿ.ಎಂ. ಎಂಜಿನನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಅದು ಎರಡು ಸುತ್ತಿಗೊಮ್ಮೆ ಉಸಿರೆಳೆಯುತ್ತದೆ. ನಿಮಿಷಕ್ಕೆ 9000 ಸುತ್ತು ತಿರುಗಿದಾಗ ಸೆಕೆಂಡಿಗೆ ಸುಮಾರು 28 ಲೀಟರು ಗಾಳಿ ಬೇಕು. ಇಷ್ಟು ಗಾಳಿ ಆ ರಂಧ್ರದಲ್ಲಿ ಸಮನಾಗಿ ಹರಿದರೆ ಅದರ ವೇಗ ಸೆಕೆಂಡಿಗೆ 90 ಮೀಟರಿನಷ್ಟು. ಆದರೆ ಸಿಲಿಂಡರು ಉಸಿರೆಳೆಯುವುದು ಕಾಲದ ನಾಲ್ಕನೆಯ ಒಂದು ಪಾಲು ಮಾತ್ರ! ಆ ಗಳಿಗೆಯಲ್ಲಿ ನಾಲ್ಕು ಪಟ್ಟು ವೇಗ ಬೇಕಾಗುತ್ತದೆ. ರಂಧ್ರದಲ್ಲಿ ಗಾಳಿ ಶಬ್ದದ ವೇಗವನ್ನು, ಎಂದರೆ ಸೆಕೆಂಡಿಗೆ ಸುಮಾರು 340 ಮೀಟರನ್ನು, ಮೀರಲಾರದು. ಎಂಜಿನು ಎಷ್ಟೇ ಸೆಳೆದರೂ ಅಷ್ಟೆ.

ಇದಕ್ಕೆ ಉಪಾಯ ನಮ್ಮ ಬಚ್ಚಲುಮನೆಯಲ್ಲೇ ಇದೆ. ಸಣ್ಣ ನಲ್ಲಿ ಎಡೆಬಿಡದೆ ಹಂಡೆಯನ್ನು ತುಂಬುತ್ತಿದ್ದರೆ, ನಾವು ಚೊಂಬಿನಿಂದ ಬೇಕಾದಾಗ ಮೊಗೆಯುವೆವಷ್ಟೆ. ಹಾಗೆಯೇ ರಂಧ್ರಕ್ಕೂ ಸಿಲಿಂಡರಿಗೂ ನಡುವೆ ಒಂದು ಗಾಳಿಪೆಟ್ಟಿಗೆಯನ್ನಿಡುತ್ತಾರೆ. ರಂಧ್ರದ ಮುಂದಿನ ಬಾಯನ್ನು ಸನಾದಿಯ ಬಾಯಿಯಂತೆ ನುಣುಪಾಗಿ ಅಗಲಿಸಿ, ಹಿಂದಿನ ಕೊಳವೆಯನ್ನು ಮೆಲ್ಲಮೆಲ್ಲನೆ ಹಿಗ್ಗಿಸುತ್ತಾರೆ. ಒಮ್ಮೆಲೇ ಹಿಗ್ಗಿಸಿದರೆ ಗಾಳಿ ಸುಳಿಸುತ್ತಿ ತನ್ನ ಒತ್ತಡವನ್ನು ಕಳೆದುಕೊಳ್ಳುವುದು.

ಗಾಳಿ ತಂಪಾಗಿಯೂ ಇರಬೇಕು. 20 ಡಿಗ್ರಿಯ ಗಾಳಿ 40 ಡಿಗ್ರಿಗೆ ಕಾದರೆ ಅಷ್ಟೇ ಜಾಗದಲ್ಲಿ ಅದರ ತೂಕ ನೂರಕ್ಕೆ ಆರರಷ್ಟು ಇಳಿಯುತ್ತದೆ. ಸಮುದ್ರಮಟ್ಟಕ್ಕಿಂತ ಸುಮಾರು 560 ಮೀಟರು ಎತ್ತರದ ಪುಣೆಯಲ್ಲಂತೂ ಗಾಳಿ ಮೊದಲೇ ತುಸು ತೆಳು.

ಇದನ್ನರಿಯದೆ ಏರ್ ಫಿಲ್ಟರನ್ನೇ ಕಿತ್ತೆಸೆದು, ಎಂಜಿನಿನ ಮೊರೆತವನ್ನು ಬಲವೆಂದು ಭ್ರಮಿಸುವ ತರುಣರನ್ನು ನಾವು ಬೀದಿಗಳಲ್ಲಿ ಕಾಣುತ್ತೇವೆ. ಒಳಹೊಕ್ಕ ಧೂಳು ಸಿಲಿಂಡರನ್ನು ಸವೆಸುತ್ತದೆ. ತಂಪುಗಾಳಿಯ ಆಸೆಯಿಂದ ಕೊಳವೆಯ ಬಾಯನ್ನು ನೆಲದ ಸಮೀಪಕ್ಕೆ ಇಳಿಸುವುದು ಇನ್ನೂ ಅಪಾಯ. 2019ರ ಸೆಪ್ಟೆಂಬರ್ 25ರ ರಾತ್ರಿ ಆಂಬಿಲ್ ಓಢಾ ಉಕ್ಕಿ ಬೀದಿಗಳು ಹೊಳೆಯಾದುದು ನಮ್ಮ ಊರಿನಲ್ಲೇ. ಗಾಳಿಯನ್ನು ಹಿಂಡಬಹುದು, ನೀರನ್ನು ಹಿಂಡಲಾಗದು. ಓಡುತ್ತಿರುವ ಎಂಜಿನು ನೀರನ್ನು ಸೆಳೆದುಕೊಂಡರೆ ಪಿಸ್ಟನ್ನಿನ ಉಕ್ಕಿನ ದಂಡವೇ ಬಾಗಬಹುದು. ನೀರಿನಲ್ಲಿ ಗಾಡಿ ನಿಂತರೆ ಮತ್ತೆ ಚಾಲೂ ಮಾಡದೆ, ತಳ್ಳಿಯೇ ದಡ ಸೇರಿಸಬೇಕೆಂದು ಮನೆಯಲ್ಲಿ ಅಣ್ಣಂದಿರಿಗೆ ತಿಳಿಸಿರಿ.