ಮನೆಯ ಅಡಿಪಾಯ, ಮರದ ಬೇರು

ಗೋಡೆ ಬಿರಿದರೆ ಮೊದಲ ಅಪವಾದ ಅಂಗಳದ ಮರಕ್ಕೆ. ಆದರೆ ಬೇರು ಗಟ್ಟಿ ಅಡಿಪಾಯವನ್ನು ಸೀಳುವುದು ವಿರಳ. ಅಪಾಯದ ಮೂಲವಿರುವುದು ಮಣ್ಣಿನಲ್ಲಿ.

ಜೇಡಿಮಣ್ಣು ನೀರುಂಡಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಸೈಪ್ರಸ್‌ನಂತಹ ನಿತ್ಯಹಸಿರಿನ ದೊಡ್ಡ ಶಂಕುಧಾರಿ ಮರ ನೀರು ಹೀರಿದಂತೆಲ್ಲ ಸುತ್ತಲಿನ ನೆಲ ಕುಗ್ಗಿ, ಮನೆಯ ಒಂದು ಬದಿ ಕುಸಿಯುತ್ತದೆ. 1976ರ ಬರದಲ್ಲಿ ದಕ್ಷಿಣ ಇಂಗ್ಲೆಂಡಿನ ಜೇಡಿನೆಲದ ಬಹಳಷ್ಟು ಮನೆಗಳು ಬಿರುಕುಬಿಟ್ಟದ್ದು ಹೀಗೆಯೇ.

ನೀಲಗಿರಿಯ ಕೆಮ್ಮಣ್ಣು ಅಷ್ಟಾಗಿ ಉಬ್ಬಿ ಕುಗ್ಗುವುದಿಲ್ಲ. ಅಲ್ಲಿ ಮನೆಯ ಪಕ್ಕದ ಪೈನ್, ಸೈಪ್ರಸ್‌ಗಳು ಮಳೆಗಾಳಿಗೆ ಉರುಳುವ ಭಯವೇ ಹೆಚ್ಚು. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಸೀಮೆಯ ಎರೆನೆಲದಲ್ಲಾದರೋ ಶಂಕುಧಾರಿ ಮರವೇ ಬೇಕಿಲ್ಲ. ಗೋಡೆಗೆ ತೀರ ಸಮೀಪವಿರುವ ಬೇವು, ಅರಳಿಗಳೂ ಇದೇ ತೊಂದರೆ ತರಬಲ್ಲವು.

ಹಾಗೆಂದು ಹಳೆಯ ಮರವನ್ನು ಒಮ್ಮೆಲೇ ಕಡಿಯುವುದೂ ಕ್ಷೇಮವಲ್ಲ. ಮನೆಗಿಂತ ಮೊದಲೇ ಇದ್ದ ಮರವನ್ನು ಕಡಿದರೆ, ಒಣಗಿದ್ದ ಮಣ್ಣು ಮತ್ತೆ ನೀರುಂಡು ಉಬ್ಬಿ ಅಡಿಪಾಯವನ್ನೇ ಮೇಲೆತ್ತಬಹುದು. ಎರೆನೆಲದಲ್ಲಿ ಸಸಿ ನೆಡುವವರು, ಮರ ಬೆಳೆದು ಮುಟ್ಟುವ ಎತ್ತರದಷ್ಟು ದೂರವನ್ನು ಮನೆಯಿಂದ ಬಿಡುವುದು ಲೇಸು.

ಬಿರುಕು ಬೇಸಿಗೆಯಲ್ಲಿ ಅಗಲವಾಗಿ ಮಳೆಗಾಲದಲ್ಲಿ ಕಿರಿದಾಗುತ್ತಿದ್ದರೆ ನೆಲವೇ ಅಲುಗುತ್ತಿದೆಯೆಂದು ಶಂಕಿಸಬೇಕು. ಕೊಡಲಿ ಎತ್ತುವ ಮುನ್ನ ಅದನ್ನು ಅನುಭವಿ ಇಂಜಿನಿಯರರಿಗೆ ತೋರಿಸುವುದು ಒಳಿತು.