ಮುಪ್ಪಿಗೆ ಯಂತ್ರದ ಆಸರೆ

ಬೀಳಗಿ ತಾಲೂಕಿನ ಅನಗವಾಡಿಯ ಮಗ್ಗುಲಲ್ಲಿ ಹರಿಯುವ ಘಟಪ್ರಭೆಯು ಮುಂದೆ ಚಿಕ್ಕಸಂಗಮದಲ್ಲಿ ಕೃಷ್ಣೆಯನ್ನು ಕೂಡಿಕೊಳ್ಳುತ್ತದೆ. ಬಾಗಲಕೋಟೆಯಿಂದ ವಿಜಯಪುರದತ್ತ ಸಾಗುವ ಹೆದ್ದಾರಿ ಇಲ್ಲಿಯೇ ನದಿಯನ್ನು ದಾಟುತ್ತದೆ. ಹೊಟ್ಟೆಪಾಡಿಗಾಗಿ ಬೆಂಗಳೂರು, ಪುಣೆಗಳಿಗೆ ನಡೆದ ಮಕ್ಕಳು ಹಬ್ಬ, ಜಾತ್ರೆಗಳಿಗೆ ಈ ದಾರಿಯಿಂದಲೇ ಮರಳುತ್ತಾರೆ. ಉಳಿದ ದಿನಗಳಲ್ಲಿ ಎಷ್ಟೋ ಮನೆಗಳ ಪಡಸಾಲೆಯಲ್ಲಿ ಕಾಣುವುದು ಹಿರಿಯ ಜೀವಗಳೆರಡೇ. ಇಂಥದೊಂದು ಸಂಜೆ ಕಟ್ಟೆಯ ಮೇಲೆ ಕುಳಿತು ನಾವು ಅಲ್ಲಿಯ ಹಿರಿಯರಿಗೆ ಯಂತ್ರಮಾನವನ ಸಂಗತಿಯನ್ನು ಹೇಳಿದೆವು.

2011ರ ಜನಗಣತಿಯ ಪ್ರಕಾರ ನಮ್ಮ ದೇಶದಲ್ಲಿ ಅರವತ್ತು ದಾಟಿದವರು ಸುಮಾರು 10.38 ಕೋಟಿ. ಜಪಾನಿನಲ್ಲಂತೂ ಜನಸಂಖ್ಯೆಯ ನೂರಕ್ಕೆ 29ರಷ್ಟು ಮಂದಿ ಅರವತ್ತೈದು ಮುಟ್ಟಿದವರು. ಆರೈಕೆಗೆ ಕೈಗಳು ಸಾಲದೆ ಆ ದೇಶವು ಯಂತ್ರಗಳ ಮೊರೆಹೊಕ್ಕಿತು. ಅಲ್ಲಿಯ ರಿಕೆನ್ ಸಂಶೋಧನಾ ಸಂಸ್ಥೆ 2009ರಲ್ಲಿ ‘ರಿಬಾ’ ಎಂಬ ಕರಡಿಮುಖದ ಯಂತ್ರವನ್ನು ನಿರ್ಮಿಸಿತು. ಅದು 61 ಕಿಲೋ ತೂಕದ ಮನುಷ್ಯನನ್ನು ತೋಳುಗಳಲ್ಲಿ ಎತ್ತಬಲ್ಲದಾಗಿತ್ತು. 2011ರ ಎರಡನೆಯ ರಿಬಾ 80 ಕಿಲೋ ಎತ್ತಿತು. 2015ರಲ್ಲಿ ಬಂದ ‘ರೋಬೇರ್’ ಇನ್ನೂ ಮೃದುವಾದ ಚಲನೆಯದು. ಹಾಸಿಗೆಯಲ್ಲಿರುವವರನ್ನು ಎಬ್ಬಿಸುವ ಕೆಲಸವನ್ನು ಶುಶ್ರೂಷಕರು ದಿನಕ್ಕೆ ಸರಾಸರಿ ನಲವತ್ತು ಸಲ ಮಾಡಬೇಕಾಗುವುದೆಂದು ಆ ಸಂಸ್ಥೆಯೇ ಹೇಳಿತ್ತು. ನಲವತ್ತು ಸಲ! ನಮ್ಮ ಮನೆಗಳಲ್ಲಿ ಇದನ್ನು ಎಣಿಸಿದವರಾರು?

ಇನ್ನೊಂದು ಬಗೆಯ ಯಂತ್ರ ಎತ್ತುವುದೂ ಇಲ್ಲ, ಇಳಿಸುವುದೂ ಇಲ್ಲ. ‘ಪಾರೋ’ ಎಂಬುದು ಬಿಳಿ ತುಪ್ಪಳದ ಸೀಲ್ ಮರಿಯ ಗೊಂಬೆ. ತಕನೋರಿ ಶಿಬಾತಾ ಎಂಬ ಜಪಾನಿ ವಿಜ್ಞಾನಿ 1993ರಿಂದ ಅದನ್ನು ರೂಪಿಸುತ್ತ ಬಂದರು. ನೇವರಿಸಿದರೆ ಅದು ಕಣ್ಣು ಮಿಟುಕಿಸಿ ಮುಲುಗುತ್ತದೆ. ಮರೆವಿನ ರೋಗಕ್ಕೆ ತುತ್ತಾದ ವೃದ್ಧರ ತಳಮಳವನ್ನು ತಗ್ಗಿಸಲು ಅದನ್ನು ಬಳಸುತ್ತಾರೆ. ಅಮೆರಿಕೆಯ ನ್ಯೂಯಾರ್ಕ್ ರಾಜ್ಯವು 2022ರಲ್ಲಿ ಒಂಟಿ ವೃದ್ಧರಿಗಾಗಿ ‘ಎಲಿಕ್ಯೂ’ ಎಂಬ ಮಾತಾಡುವ ಯಂತ್ರಗಳನ್ನು ಎಂಟುನೂರಕ್ಕೂ ಮಿಕ್ಕಿ ಹಂಚಲು ಮುಂದಾಯಿತು.

ನಮ್ಮ ನಾಡೂ ಹಿಂದುಳಿದಿಲ್ಲ. ಬೆಂಗಳೂರಿನ ಇನ್ವೆಂಟೋ ರೋಬೋಟಿಕ್ಸ್ ಸಂಸ್ಥೆಯ ‘ಮಿತ್ರ’ 2017ರಲ್ಲಿ ಹೈದರಾಬಾದಿನ ಉದ್ಯಮ ಸಮ್ಮೇಳನದಲ್ಲಿ ಪ್ರಧಾನಿಯವರನ್ನು ಸ್ವಾಗತಿಸಿ ಹೆಸರಾಯಿತು. 2020ರ ಕೊರೋನಾ ಕಾಲದಲ್ಲಿ ಬೆಂಗಳೂರಿನ ಆಸ್ಪತ್ರೆಯೊಂದರ ಬಾಗಿಲಲ್ಲಿ ನಿಂತು ಬಂದವರ ಜ್ವರ ನೋಡಿತು. ದಿಲ್ಲಿಯ ಬಳಿಯ ನೋಯ್ಡಾದ ಆಸ್ಪತ್ರೆಯಲ್ಲಿ, ಬಂಧುಗಳು ಹತ್ತಿರ ಬರಲಾಗದ ರೋಗಿಗಳಿಗೆ ಎದೆಯ ಮೇಲಿನ ಪರದೆಯಲ್ಲಿ ಅವರ ಮುಖ ತೋರಿಸಿತು. ಆ ಕಷ್ಟಕಾಲದಲ್ಲಿ ಇದೇನು ಸಣ್ಣ ಸೇವೆಯಲ್ಲ.

ಆದರೆ ಕಟ್ಟೆಯ ಮೇಲಿನ ಹಿರಿಯರೊಬ್ಬರು ಕೇಳಿದ ಪ್ರಶ್ನೆಯೇ ಬೇರೆ. “ಅದಕ್ಕ ಉಣ್ಣಾಕ ಏನ್ ಹಾಕಬೇಕ್ರಿ?” ವಿದ್ಯುತ್ತು ಎಂದೆವು. “ಹಂಗಾದ್ರ ಕರೆಂಟ್ ಹೋದ ದಿನ ಅದರದೂ ಉಪವಾಸ, ನಮ್ಮದೂ ಉಪವಾಸ!” ಎಲ್ಲರೂ ನಕ್ಕರು. ನಾವೂ ನಕ್ಕೆವು. ಮಾತು ಮಾತ್ರ ಸುಳ್ಳಲ್ಲ. ಅವರ ಈ ಜವಾರಿ ಮಾತು ಆ ಯಂತ್ರಕ್ಕೆ ತಿಳಿದೀತೆಂಬ ಭರವಸೆಯೂ ನಮಗಿಲ್ಲ.

‘ರೋಬೋಟ್’ ಎಂಬ ಶಬ್ದದ ಹುಟ್ಟನ್ನು ಇಲ್ಲಿ ನೆನೆಯಬೇಕು. ಚೆಕ್ ಲೇಖಕ ಕಾರೆಲ್ ಚಾಪೆಕ್ 1920ರ ತನ್ನ ನಾಟಕದಲ್ಲಿ ಅದನ್ನು ಬಳಕೆಗೆ ತಂದನು. ಅದರ ಮೂಲವಾದ ‘ರೋಬೋಟಾ’ಕ್ಕೆ ಬಿಟ್ಟಿ ಚಾಕರಿಯೆಂದರ್ಥ. ಶರಣರು ಎತ್ತಿಹಿಡಿದದ್ದು ಕಾಯಕವನ್ನು, ಮನಸೋತು ಮಾಡುವ ದುಡಿಮೆಯನ್ನು. ಹಾಗಾದರೆ ಮುದುಕರ ಸೇವೆಯಲ್ಲಿ ಯಾವುದು ಕಾಯಕ, ಯಾವುದು ಬಿಟ್ಟಿ? ಅತ್ತೆಯ ಕೈ ನಡುಗುವಾಗ ವಿಭೂತಿ, ಪತ್ರೆ ಅಣಿಗೊಳಿಸಿ ಇಷ್ಟಲಿಂಗದ ಪೂಜೆಗೆ ಒತ್ತಾಸೆಯಾಗಿ ಕುಳಿತುಕೊಳ್ಳುವುದನ್ನು ಯಂತ್ರಕ್ಕೆ ಒಪ್ಪಿಸಲು ಯಾರೂ ಒಪ್ಪಲಾರರು. ಆದರೆ ಅದೇ ಅತ್ತೆಯನ್ನು ನಡುರಾತ್ರಿ ಒಬ್ಬಳೇ ಎತ್ತಿ ಕೂರಿಸಿ ಸೊಂಟ ಮುರಿದುಕೊಂಡ ಸೊಸೆಗೆ, “ಸೇವೆಯೇ ಪುಣ್ಯ” ಎಂದು ಉಪದೇಶಿಸುವ ಗಂಡಸರ ಮಾತು ನಮಗೆ ರುಚಿಸುವುದಿಲ್ಲ. ಪುಣ್ಯವನ್ನು ಮನೆಯವರೆಲ್ಲ ಹಂಚಿಕೊಳ್ಳಲಿ. ಭಾರವನ್ನು ಯಂತ್ರ ಹೊತ್ತರೆ ಹೊರಲಿ.

ನಾವು ಹೊರಡುವಾಗ, ಅದುವರೆಗೂ ಬಾಗಿಲ ಮರೆಯಲ್ಲಿ ನಿಂತು ಕೇಳುತ್ತಿದ್ದ ಗೃಹಿಣಿಯೊಬ್ಬರು ಮುಂದೆ ಬಂದರು. ಅವರ ಮಾವನವರು ಪಾರ್ಶ್ವವಾಯುವಿನಿಂದ ಮಲಗಿದವರು. “ಆ ಎಂಬತ್ತು ಕಿಲೋ ಎತ್ತೂದು ಖರೇ ಏನ್ರಿ? ಎಲ್ಲಿ ಸಿಗತೈತಿ?” ಖರೆಯೆ, ಆದರೆ ಆ ಕರಡಿಗಳು ಪ್ರಯೋಗದ ಹಂತವನ್ನು ದಾಟಿ ಮನೆಗಳಿಗೆ ಬರಲಿಲ್ಲವೆಂದು ಹೇಳುವಾಗ ನಮ್ಮ ದನಿ ತಗ್ಗಿತು. ಬುದ್ಧಿಯಿಲ್ಲದ, ಬರಿಯ ಕೈಯಿಂದ ನಡೆಸುವ ಎತ್ತುಯಂತ್ರವೊಂದುಂಟು. ಜೋಳಿಗೆಯಂಥ ಬಟ್ಟೆಯಲ್ಲಿ ರೋಗಿಯನ್ನು ಕೂರಿಸಿ, ಹೈಡ್ರಾಲಿಕ್ ಸನ್ನೆಯನ್ನು ಒತ್ತಿದರೆ ಹಾಸಿಗೆಯಿಂದ ಮೇಲೇಳುತ್ತಾರೆ. ವಿದ್ಯುತ್ತು ಬೇಕಿಲ್ಲ, ದೊಡ್ಡ ಊರುಗಳ ವೈದ್ಯಕೀಯ ಸಾಮಗ್ರಿಗಳ ಅಂಗಡಿಗಳಲ್ಲಿ ವಿಚಾರಿಸಬಹುದು ಎಂದೆವು. ಅವರು ಒಳಗೆ ಹೋಗಿ ಮಗನ ಶಾಲೆಯ ಪಟ್ಟಿಯನ್ನೂ ಪೆನ್ಸಿಲನ್ನೂ ತಂದು, “ಅದರ ಹೆಸರ ಬರದ ಕೊಡ್ರಿ” ಎಂದರು. ದೊಡ್ಡ ಅಕ್ಷರಗಳಲ್ಲಿ ‘ಪೇಷೆಂಟ್ ಲಿಫ್ಟ್’ ಎಂದು ಬರೆದುಕೊಟ್ಟೆವು.